ತಗಡಿನ ಡಿಕ್ಷನರಿಯೋ, ಕೈಯಲ್ಲಿ ಕೊರೆದ ವ್ಯಾಟ್ ಪುಸ್ತಕವೋ?

ಗುರುವಾರ ಸಂಜೆ ತೋಟದಲ್ಲಿ ಬಟವಾಡೆ, ಶುಕ್ರವಾರ ಮಡಿಕೇರಿ ಸಂತೆ. ಹಾಗಾಗಿ ಬುಧವಾರ ರಾತ್ರಿ ಕೂಲಿ ದುಡ್ಡು ಮನೆಯಲ್ಲೇ ಇರುತ್ತದೆ. ಕಳ್ಳರು ಮೊದಲು ಮುರಿಯುವುದೇ ಬೀರು, ಅದಕ್ಕೇ ಪುಸ್ತಕದೊಳಗೆ ಬಚ್ಚಿಡೋಣ ಅನ್ನಿಸಿತು.

ಜೂನ್‌ನಲ್ಲಿ 900 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ರೆಡಿಮೇಡ್ ತರಿಸಿದೆ. ಇಂಗ್ಲಿಷ್ ಡಿಕ್ಷನರಿಯ ವೇಷ ಹಾಕಿದ ತಗಡಿನ ಡಬ್ಬಿ. ನಮ್ಮ ಕಪಾಟಿನ ಮಾಸಿದ ಕನ್ನಡ ಪುಸ್ತಕಗಳ ನಡುವೆ ಅದೊಂದೇ ಥಳಥಳ ಹೊಳೆಯುತ್ತಿತ್ತು. ಆಗಸ್ಟ್ ಹೊತ್ತಿಗೆ ಬೀಗ ತುಕ್ಕು ಹಿಡಿಯಿತು. ಬಟವಾಡೆಗೆ ಆಳುಗಳು ಅಂಗಳದಲ್ಲಿ ಕಾಯುತ್ತಿದ್ದರೆ ನಾನು ಒಳಗೆ ಸ್ಕ್ರೂಡ್ರೈವರ್ ಹಾಕಿ ಮೀಟುತ್ತಿದ್ದೆ.

ಈಗ ಬಳಸುತ್ತಿರುವುದು ನಾನೇ ಕೊರೆದದ್ದು: 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಯಾರಿಗೂ ಬೇಡವಾದ ವ್ಯಾಟ್ ಕೈಪಿಡಿ. ಗಟ್ಟಿ ರಟ್ಟು, ದಪ್ಪ ಬೆನ್ನು. ಓದುವ ಪುಸ್ತಕಕ್ಕೆ ಬ್ಲೇಡ್ ಹಾಕಲು ನನಗೆ ಮನಸ್ಸು ಬಾರದು, ಇದಕ್ಕೆ ಬಂತು. ಮನೆಗೆ ಬಂದ ನೆಂಟರೂ ಇದನ್ನು ಎಳೆದು ನೋಡುವುದಿಲ್ಲ.

ಕಾಟ ಕೊಟ್ಟದ್ದು ಅಂಟು. ಮೂರು ಪಾಲು ಬಿಳಿ ಅಂಟಿಗೆ ಒಂದು ಪಾಲು ನೀರು ಬೆರೆಸಿ ಹಾಳೆಗಳ ಅಂಚಿಗೆ ಬಳಿದು, ಮೇಲೆ ಭಾರ ಹೇರಿ ಒಣಗಲು ಬಿಡಬೇಕು. ಈ ಅಂಟು ಗಟ್ಟಿಯಾಗುವುದು ಅದರ ನೀರು ಆರಿದಾಗ. ಆಗಸ್ಟ್‌ನ ಮಡಿಕೇರಿಯಲ್ಲಿ ನೀರು ಆರುವುದೆಲ್ಲಿ? ಐದು ದಿನವಾದರೂ ಹಾಲಿನಂತೆ ಬೆಳ್ಳಗೇ ಇತ್ತು, ಮುಟ್ಟಿದರೆ ಬೆರಳಿಗೆ ಜಿಗುಟು. ಹಾಳೆಗಳು ತೇವ ಹೀರಿ ಉಬ್ಬಿದವು. ಒಲೆಯ ಮೇಲಿನ ಅಟ್ಟದಲ್ಲಿಟ್ಟೆ, ರಟ್ಟು ದೋಣಿಯಂತೆ ಬಾಗಿತು. ಎಂಟನೇ ದಿನ ಅಂಚಿನಲ್ಲಿ ಹಸಿರು ಬೂಷ್ಟು. ಎಸೆದೆ.

ಅದರ ಜೊತೆಯ ಎರಡನೇ ಸಂಪುಟವನ್ನು ಜನವರಿಯಲ್ಲಿ ಹಿಡಿದೆ. ಕಾಫಿ ಒಣಗಿಸುವ ಕಣದ ಬದಿಯಲ್ಲಿ ನೆರಳಿಗಿಟ್ಟರೆ ಎರಡೇ ದಿನಕ್ಕೆ ಅಂಟು ಗಾಜಿನಂತೆ ತಿಳಿಯಾಯಿತು.

ಕೊರೆಯಲು ಕಟರ್, ಉಕ್ಕಿನ ಸ್ಕೇಲು ಸಾಕು. ಒಮ್ಮೆಗೆ ಹತ್ತು ಹಾಳೆಗಿಂತ ಹೆಚ್ಚು ಬೇಡ. ಆತುರಪಟ್ಟರೆ ಬ್ಲೇಡ್ ಒಳಕ್ಕೆ ವಾಲಿ, ಗುಂಡಿ ತಳಕ್ಕೆ ಹೋಗುತ್ತಾ ಕಿರಿದಾಗುತ್ತದೆ, ನೋಟಿನ ಕಟ್ಟು ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲ ಇಪ್ಪತ್ತು ಹಾಳೆ ಕೊರೆಯದೆ ಬಿಡಿ.

ಮೆತ್ತನೆ ರಟ್ಟಿನ ಕಾದಂಬರಿಯನ್ನೂ ಕೊರೆದು ನೋಡಿದೆ, ನಡುವೆ ಬಾಗುತ್ತದೆ, ಬೇಡ.

ಬೀಗ ಬೇಕೇ ಬೇಕು ಅನ್ನುವವರು ಬಯಲುಸೀಮೆಯಲ್ಲಿದ್ದರೆ ತಗಡಿನದನ್ನು ಕೊಳ್ಳಲಿ. ನನಗೆ ಬೇಕಾದದ್ದು ಒಂದು ರಾತ್ರಿಯ ಮರೆ. ಅಮ್ಮನ ಜೋಮಾಲೆ, ಪತ್ತಾಕ್‌ನಂಥ ಕೊಡವ ಚಿನ್ನದ ಒಡವೆಗಳನ್ನು ಡಬ್ಬಿಯಲ್ಲೂ ಇಡೆನು, ಪುಸ್ತಕದಲ್ಲೂ ಇಡೆನು, ಅವು ಬ್ಯಾಂಕಿನ ಲಾಕರ್‌ನಲ್ಲೇ ಇವೆ. ನನ್ನ ಪುಸ್ತಕಕ್ಕೆ ತಗುಲಿದ್ದು ಅಂಟು, ಬ್ಲೇಡ್ ಸೇರಿ 80 ರೂಪಾಯಿ. ಮಳೆಗಾಲಕ್ಕೆಂದು ಗುಂಡಿಯೊಳಗೆ ತೇವ ಹೀರುವ ಒಂದು ಸಿಲಿಕಾ ಪೊಟ್ಟಣ ಹಾಕಿದ್ದೇನೆ, ತಿಂಗಳಿಗೊಮ್ಮೆ ಬದಲಿಸುತ್ತೇನೆ.