ಬಿಲ್ಲಿನಲ್ಲಿ ‘ಕ್ರ್ಯಾಂಕ್ ಗ್ರೈಂಡಿಂಗ್’, ಬೇರಿಂಗ್ ಬೆನ್ನಿನ ಮೇಲೆ ‘ಎಸ್‌ಟಿಡಿ’

ಇಂಗ್ಲೆಂಡಿನಲ್ಲಿರುವ ನಮ್ಮವರಲ್ಲಿ ಹಳೆಯ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಕೊಂಡವರು, ಕೊಳ್ಳಬೇಕು ಅಂದುಕೊಂಡವರು ಸುಮಾರು ಜನ ಇದ್ದೀರಿ. ಎಂಜಿನ್ ಬಿಚ್ಚಿಸುವ ಯೋಚನೆ ಇದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಗ್ಯಾರೇಜಿನ ಹೆಸರು ಬರೆಯುವುದಿಲ್ಲ, ವ್ಯಾಜ್ಯ ಇನ್ನೂ ಮುಗಿದಿಲ್ಲ.

ನನ್ನದು 1971ರ ರೋಡ್‌ಸ್ಟರ್, 1798 ಸಿಸಿ ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ನಲ್ಲಿ ಬರುತ್ತಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ವಂಶದ್ದು. ಆದ್ದರಿಂದ ಊರಿನ ಹಳೇ ಮೆಕ್ಯಾನಿಕ್‌ಗಳಿಗೆ ಇದರ ಹೊಟ್ಟೆಯೊಳಗಿನ ವಿಷಯ ಬಾಯಿಪಾಠ. ಇಲ್ಲಿ ‘ಕ್ಲಾಸಿಕ್ ಕಾರ್ ತಜ್ಞರು’ ಎಂದು ಬೋರ್ಡ್ ಹಾಕಿಕೊಂಡವರಿಗೆಲ್ಲ ಅಷ್ಟು ಗೊತ್ತಿರುತ್ತದೆ ಅಂತೇನಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಈ ಗಾಡಿಯಲ್ಲಿ ಆಯಿಲ್ ಪ್ರೆಶರ್ ಓಡುವಾಗ 50ರಿಂದ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ), ಐಡ್ಲಿಂಗ್‌ನಲ್ಲಿ 10ರಿಂದ 25 ಇರಬೇಕು. ನನ್ನದು ಬೆಳಿಗ್ಗೆ ತಣ್ಣಗಿದ್ದಾಗ 60 ತೋರಿಸಿ, ಹೈವೇಯಿಂದ ಇಳಿದು ಸಿಗ್ನಲ್‌ನಲ್ಲಿ ನಿಂತರೆ 5ಕ್ಕೆ ಬೀಳುತ್ತಿತ್ತು. ಮೊದಲು ಗೇಜನ್ನೇ ಅನುಮಾನಿಸಬೇಕು. ಬೇರೊಂದು ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿದೆ, ಅದೂ 5. ಆಮೇಲೆ ಡಿಪ್‌ಸ್ಟಿಕ್ ಮೂಸಬೇಕು. ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್ ಉಕ್ಕಿ ಆಯಿಲ್ ತೆಳುವಾಗಿದೆ ಅಂತ ಅರ್ಥ. ಹಾಗೇನೂ ಇರಲಿಲ್ಲ. ಹೆಚ್ಚಾದ ಪ್ರೆಶರ್ ಹೊರಬಿಡುವ ರಿಲೀಫ್ ವಾಲ್ವಿನ ಡೋಮ್ ನಟ್ ಬಿಚ್ಚಿ ನೋಡಿದಾಗ ಒಳಗೆ ಕಸ ಸಿಕ್ಕಿಕೊಂಡಿರಲಿಲ್ಲ, ಪ್ಲಂಜರ್ ಸಲೀಸಾಗಿ ಆಡುತ್ತಿತ್ತು. ಕೊನೆಗೆ ಒಬ್ಬರನ್ನು ಕೂರಿಸಿ ಕ್ಲಚ್ ತುಳಿಸಿ ಮುಂದಿನ ಪುಲ್ಲಿ ನೋಡಿದರೆ, ಅದು ಕಣ್ಣಿಗೆ ಕಾಣುವಷ್ಟು ಮುಂದೆ ಬರುತ್ತಿತ್ತು. ಅಂದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ) ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಅದು ಆ ಮಟ್ಟಕ್ಕೆ ಸವೆದಿದ್ದರೆ ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗ್, ಪಿಸ್ಟನ್ ರಾಡ್ ಅದಕ್ಕೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗ್‌ಗಳೂ ಹೋಗಿರುತ್ತವೆ ಅಂತಲೇ ಲೆಕ್ಕ.

ಆಯಿಲ್ ಪಂಪ್ ಪ್ರೆಶರ್ ಹುಟ್ಟಿಸುವುದಿಲ್ಲ, ಆಯಿಲ್ ತಳ್ಳುತ್ತದೆ ಅಷ್ಟೇ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ಚಿಮ್ಮುತ್ತದಲ್ಲ, ಆ ಹೆಬ್ಬೆರಳಿನ ಕೆಲಸ ಬೇರಿಂಗಿನ ಸಂದಿಯದು. ಸಂದಿ ಅಗಲವಾದರೆ ಎಂಥ ಹೊಸ ಪಂಪ್ ಹಾಕಿದರೂ ಬಿಸಿ ಐಡ್ಲಿಂಗ್‌ನಲ್ಲಿ ಮುಳ್ಳು ಮಲಗಿಬಿಡುತ್ತದೆ.

ಇದನ್ನೆಲ್ಲ ಹೇಳಿಯೇ ಗಾಡಿ ಬಿಟ್ಟು ಬಂದಿದ್ದೆ. ‘ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಮೇನ್ ಮತ್ತು ಬಿಗ್ ಎಂಡ್ ಬೇರಿಂಗ್, ಹೊಸ ಆಯಿಲ್ ಪಂಪ್’ ಎಂದು ಬಿಲ್ ಬಂತು. ಗ್ರೈಂಡಿಂಗ್ ಅಂದರೆ ಸವೆದ ಕ್ರ್ಯಾಂಕನ್ನು ಮತ್ತೆ ದುಂಡಗೆ ಉಜ್ಜಿ, ಕಿರಿದಾದ ಆ ಅಳತೆಗೆ ತಕ್ಕ ಬೇರಿಂಗ್ ಹಾಕುವುದು. ಮೊತ್ತ ನೋಡಿ ಮನೆಯಲ್ಲಿ ಒಂದು ದೊಡ್ಡ ಮಾತುಕತೆಯೇ ಆಯಿತು, ಅದು ಇಲ್ಲಿ ಬೇಡ. ಕೆಲವು ವಾರ ಎಲ್ಲ ಸರಿ ಇತ್ತು. ಬೇಸಿಗೆ ಬಂತು, ಮುಳ್ಳು ಮತ್ತೆ 10ರ ಕೆಳಗೆ.

ವಾಪಸ್ ಹೋದರೆ, “ಹಳೇ ಬ್ರಿಟಿಷ್ ಕಾರು ಸರ್, ಇರೋದೇ ಹೀಗೆ” ಅಂದರು. ನಾನು ಹಾಕುತ್ತಿದ್ದ 20ಡಬ್ಲ್ಯೂ-50 ತೆಗೆದು ಇನ್ನೂ ದಪ್ಪನೆಯ ಆಯಿಲ್ ತುಂಬಿದರು. ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ಒಂದು ವಾಷರ್ ಸೇರಿಸಿ, “ಈಗ ನೋಡಿ” ಅಂದರು. ಯಾರಾದರೂ ನಿಮಗೂ ಈ ವಾಷರ್ ಮದ್ದು ಮಾಡಲು ಬಂದರೆ ಗಾಡಿ ತೆಗೆದುಕೊಂಡು ಮನೆಗೆ ಹೊರಡಿ. ಆ ವಾಲ್ವ್ ತೆರೆಯುವುದೇ ಪ್ರೆಶರ್ ಮಿತಿ ಮೀರಿದಾಗ. 8 ಪಿಎಸ್‌ಐ ಇರುವಾಗ ಅದು ಮುಚ್ಚಿಕೊಂಡೇ ಇರುತ್ತದೆ, ಅದರ ಸ್ಪ್ರಿಂಗ್ ಬಿಗಿ ಮಾಡಿ ಏನು ಪ್ರಯೋಜನ? ತಣ್ಣಗಿದ್ದಾಗ ಪ್ರೆಶರ್ ವಿಪರೀತ ಏರಿ ಪಂಪಿನ ಡ್ರೈವ್‌ಗೆ ಹೊರೆ ಬೀಳುತ್ತದೆ, ಅಷ್ಟೇ ಲಾಭ.

ಬೇರೆ ಕಡೆ ಎಂಜಿನ್ ಇಳಿಸಿದೆವು. ಎಂಜಿನ್ ಕೆಲಸದಲ್ಲೇ ಜೀವಮಾನ ಕಳೆದ ಹಿರಿಯರೊಬ್ಬರು ನನ್ನ ಎದುರಿಗೇ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚಿ, ಒಳಗಿದ್ದ ಅರ್ಧಚಂದ್ರದ ಶೆಲ್ (ಬೇರಿಂಗಿನ ಅರ್ಧ ಭಾಗ) ತೆಗೆದು ಬಟ್ಟೆಯಲ್ಲಿ ಒರೆಸಿದರು. ಒಳಮೈಯಲ್ಲಿ ಬೂದುಬಣ್ಣದ ಪದರ ಹೋಗಿ ಆಗಲೇ ತಾಮ್ರ ಇಣುಕುತ್ತಿತ್ತು. ಮಾತಾಡದೆ ಅದನ್ನು ಮಗುಚಿ ನನ್ನ ಕೈಗೆ ಕೊಟ್ಟರು. ಬೆನ್ನಿನ ಮೇಲೆ ಅಚ್ಚಾಗಿತ್ತು: ಎಸ್‌ಟಿಡಿ. ಅಂದರೆ ಸ್ಟ್ಯಾಂಡರ್ಡ್ ಸೈಜು, ಎಂದೂ ಗ್ರೈಂಡ್ ಆಗದ ಕ್ರ್ಯಾಂಕಿಗೆ ಹಾಕುವಂಥದ್ದು. ಗ್ರೈಂಡ್ ಮಾಡಿದ್ದರೆ ಅಲ್ಲಿ ಉಜ್ಜಿ ತೆಗೆದ ಅಳತೆ 010, 020 ಅಂತ ಇರಬೇಕು.

ಮೈಕ್ರೋಮೀಟರ್ ಹಿಡಿದರೆ ಇನ್ನೂ ಸ್ಪಷ್ಟವಾಯಿತು. ಈ ಎಂಜಿನ್ನಿನ ಕ್ರ್ಯಾಂಕ್ ಪಿನ್ (ಬಿಗ್ ಎಂಡ್ ಕೂರುವ ಜಾಗ) ಹೊಸದಾಗಿ ಬಂದಾಗ ಸುಮಾರು 1.876 ಇಂಚು. ಹತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಗ್ರೈಂಡ್ ಮಾಡಿದ್ದರೆ 1.866ರ ಹತ್ತಿರ ಬರಬೇಕಿತ್ತು. ನನ್ನದು ಒಂದು ಕಡೆಯಿಂದ ಅಳೆದರೆ 1.874, ಅಡ್ಡಲಾಗಿ ಅಳೆದರೆ 1.8725. ಸವೆದು ಮೊಟ್ಟೆಯಾಕಾರಕ್ಕೆ ಬಂದ ಕ್ರ್ಯಾಂಕಿಗೆ ಹೊಸ ಶೆಲ್ ಸಿಕ್ಕಿಸಿ, ಗ್ರೈಂಡಿಂಗ್ ಹಣ ಜೇಬಿಗಿಳಿಸಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಲೇತ್ ಹುಡುಗನಿಗೂ ಒಂದು ನಿಮಿಷದಲ್ಲಿ ಗೊತ್ತಾಗುವ ಮೋಸ ಇದು.

ಈ ಸಲ ಕ್ರ್ಯಾಂಕ್ ನಿಜಕ್ಕೂ 20 ಥೌ ಗ್ರೈಂಡ್ ಆಯಿತು. ಅದರೊಳಗಿನ ಆಯಿಲ್ ದಾರಿಗಳಿಗೆ, ಬ್ಲಾಕಿನ ಗ್ಯಾಲರಿ ಪ್ಲಗ್‌ಗಳನ್ನೂ ಬಿಚ್ಚಿ ಅಲ್ಲಿಗೂ, ಉದ್ದನೆಯ ಬ್ರಷ್ ಹಾಕಿ ತೊಳೆದರು. ಗ್ರೈಂಡಿಂಗ್ ಪುಡಿ ಚೂರು ಉಳಿದರೂ ಹೊಸ ಬೇರಿಂಗ್ ತಿಂದುಹಾಕುತ್ತದೆ. ಜೋಡಿಸುವಾಗ ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿ ಎಷ್ಟೆಂದು ತೋರಿಸುವ ಎಳೆ) ಇಟ್ಟು ಪ್ರತಿ ಬೇರಿಂಗಿನ ಸಂದಿ ಅಳೆದು ಹಾಳೆಯಲ್ಲಿ ಬರೆದುಕೊಟ್ಟರು, ಎಲ್ಲವೂ ಎರಡು ಥೌ ಒಳಗೆ. ಸ್ಪಾರ್ಕ್ ಪ್ಲಗ್ ತೆಗೆದು, ಗೇಜಿನಲ್ಲಿ ಪ್ರೆಶರ್ ಕಾಣಿಸುವವರೆಗೆ ಬರೀ ಸ್ಟಾರ್ಟರಿನಲ್ಲಿ ತಿರುಗಿಸಿ, ಆಮೇಲೇ ಚಾಲೂ ಮಾಡಿದ್ದು. ಈಗ ಬಿಸಿ ಐಡ್ಲಿಂಗ್‌ನಲ್ಲಿ 22.

ಹಾಗಾಗಿ ಕೆಲಸ ಒಪ್ಪಿಸುವಾಗಲೇ ಹಳೇ ಶೆಲ್‌ಗಳು ವಾಪಸ್ ಬೇಕು ಅನ್ನಿ. ಎಂಜಿನ್ ಮುಚ್ಚುವ ಮುಂಚೆ ಹೊಸ ಶೆಲ್ಲಿನ ಬೆನ್ನಿನ ಫೋಟೋ, ಗ್ರೈಂಡ್ ಆದ ಮೇಲಿನ ಅಳತೆ ಬರಹದಲ್ಲಿ ಕೇಳಿ. ಗ್ರೈಂಡಿಂಗ್ ಹೊರಗೆ ಕಳಿಸಿದ್ದರೆ ಆ ಮೆಷಿನ್ ಶಾಪಿನ ಬಿಲ್ ಕೂಡ ಕೇಳಿ. ನನ್ನ ಗ್ಯಾರೇಜಿನವರು ಇವತ್ತಿನವರೆಗೂ ಅದನ್ನು ತೋರಿಸಿಲ್ಲ.

ಇಲ್ಲಿನ 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ ಪ್ರಕಾರ ಸೇವೆಯನ್ನು ತಕ್ಕ ಎಚ್ಚರ, ಕೌಶಲದಿಂದ ಮಾಡಿಕೊಡಲೇಬೇಕು. 10,000 ಪೌಂಡ್‌ವರೆಗಿನ ತಗಾದೆಗೆ ಸ್ಮಾಲ್ ಕ್ಲೇಮ್ಸ್ ದಾರಿ ಇದೆ, ವಕೀಲರಿಲ್ಲದೆಯೂ ನಡೆಸಬಹುದು. ಮೊದಲು ನೋಟಿಸ್ ಪತ್ರ ಕಳಿಸಿದೆ, ಬೇರಿಂಗ್ ಹಣ ಮಾತ್ರ ವಾಪಸ್ ಬಂತು. ಮಿಕ್ಕಿದ್ದಕ್ಕೆ ಅರ್ಜಿ ಹಾಕಿದ್ದೇನೆ, ಜೊತೆಗೆ ಆ ಶೆಲ್ಲಿನ ಎರಡೂ ಮೈಯ ಫೋಟೋ.