ಎಲ್ಕ್ ಬೇಟೆಗೆ ಬ್ಯಾಗ್: ಕಾರ್ಡುರಾನಾ, ಎಕ್ಸ್-ಪ್ಯಾಕಾ?

ಅಮೆರಿಕದ ಕೊಲೊರಾಡೊ ಬೆಟ್ಟಗಳಿಗೆ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆಗೆ ಹೊರಟಿದ್ದೀರಾ? ಹೋಗುವಾಗಿನ ಭಾರ ನೋಡಿ ಬ್ಯಾಗ್ ಆರಿಸಬೇಡಿ. ಬರುವಾಗ ಬೆನ್ನ ಮೇಲೆ ಒಂದು ಸಲಕ್ಕೆ 30 ಕಿಲೋ ಮಾಂಸ ಇರಬಹುದು.

ಬ್ಯಾಗಿನ ಬಟ್ಟೆಗಳಲ್ಲಿ 500 ಡೆನಿಯರ್ (ನೂಲಿನ ದಪ್ಪದ ಅಳತೆ) ಕಾರ್ಡುರಾ ನೈಲಾನ್ ಬಂಡೆಗೆ, ಮುಳ್ಳಿಗೆ ಉಜ್ಜಿದರೂ ಸುಲಭಕ್ಕೆ ಹರಿಯುವುದಿಲ್ಲ. ಸದ್ದೂ ಕಡಿಮೆ. ಆದರೆ ತೂಕ ಜಾಸ್ತಿ, ನೆನೆದರೆ ಇನ್ನೂ ಭಾರ. ಎಕ್ಸ್-ಪ್ಯಾಕ್ ಅಂದರೆ ಪದರ ಪದರವಾಗಿ ಅಂಟಿಸಿದ ಬಟ್ಟೆ, ಹಗುರ. ಅದರೊಳಗಿನ ಪಾಲಿಯೆಸ್ಟರ್ ಪದರ ನೀರು ತಡೆಯುತ್ತದೆ, ಹೊಲಿಗೆಯಲ್ಲಿ ಮಾತ್ರ ಜಿನುಗಬಹುದು. ಕೊಂಬೆ ತಾಕಿದರೆ ಸರಸರ ಅನ್ನುತ್ತದೆ. ಬಿಲ್ಲು ಹಿಡಿದು ಹತ್ತಿರ ಹೋಗುವವರಿಗೆ ಅದು ತಲೆನೋವೇ ಅಲ್ವಾ? ನಾನಾದರೆ ಕಾರ್ಡುರಾ ಅಂತೀನಿ.

ಬಟ್ಟೆಗಿಂತ ಫ್ರೇಮ್, ಅಂದರೆ ಬ್ಯಾಗಿನ ಭಾರ ಹೊರುವ ಗಟ್ಟಿ ಚೌಕಟ್ಟು, ಮುಖ್ಯ. ಫ್ರೇಮಿಗೂ ಚೀಲಕ್ಕೂ ನಡುವೆ ಮಾಂಸ ಕಟ್ಟಲು ಜಾಗ ಇರುವುದನ್ನೇ ಕೊಳ್ಳಿ. ಭಾರ ಬೆನ್ನಿಗೆ ಹತ್ತಿರ ಕೂರುತ್ತದೆ, ಒಳಗಿನ ಬಟ್ಟೆಬರೆಗೆ ರಕ್ತವೂ ಮೆತ್ತುವುದಿಲ್ಲ.