ಆನ್‌ಲೈನ್ ಹರಾಜಿನಲ್ಲಿ ಹಳೆಯ ನಾಣ್ಯ ಕೊಳ್ಳುವವರ ಗಮನಕ್ಕೆ: ‘ಗೆದ್ದವರು ಕೈಕೊಟ್ಟರು’ ಎಂಬ ಸಂದೇಶ ಬಂದಾಗ

ಚಿತ್ರದುರ್ಗ, ದಾವಣಗೆರೆ ಕಡೆಯ ನಾಣ್ಯ ಸಂಗ್ರಾಹಕರಲ್ಲಿ ಬಹಳ ಮಂದಿ ಈಗ ವಾಟ್ಸಾಪ್ ಮತ್ತು ಫೇಸ್‌ಬುಕ್ ಗುಂಪುಗಳ ಹರಾಜಿನಲ್ಲಿಯೇ ನಾಣ್ಯ ಕೊಳ್ಳುತ್ತಾರೆ. ಅಂಥದೊಂದು ಗುಂಪಿನಲ್ಲಿ ನನಗೆ ಆದ ಮೋಸ ಯಾವ ಕ್ರಮದಲ್ಲಿ ನಡೆಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ದೂರು ಇನ್ನೂ ವಿಚಾರಣೆಯಲ್ಲಿ ಇರುವುದರಿಂದ ಗುಂಪಿನ ಹೆಸರನ್ನಾಗಲಿ ಮಾರಿದವರ ಹೆಸರನ್ನಾಗಲಿ ಹೇಳುವುದಿಲ್ಲ.

ಹರಾಜಿಗೆ ಬಂದಿದ್ದು ಟಿಪ್ಪು ಸುಲ್ತಾನನ ಕಾಲದ, ಆನೆಯ ಚಿತ್ರವಿರುವ ತಾಮ್ರದ ಪೈಸೆ. 1779ರಲ್ಲಿ ಹೈದರಾಲಿ ನಮ್ಮ ಚಿತ್ರದುರ್ಗವನ್ನು ವಶಪಡಿಸಿಕೊಂಡ ಮೇಲೆ, ಟಿಪ್ಪುವಿನ ಆಳ್ವಿಕೆಯಲ್ಲಿ ಇಲ್ಲಿಯೂ ಟಂಕಸಾಲೆ ನಡೆಯಿತು. ಟಿಪ್ಪು ಊರುಗಳಿಗೆ ಹೊಸ ಹೆಸರುಗಳನ್ನಿಟ್ಟಿದ್ದರಿಂದ ಇಲ್ಲಿ ಟಂಕಿಸಿದ ನಾಣ್ಯಗಳ ಮೇಲೆ ಚಿತ್ರದುರ್ಗದ ಹೆಸರಿನ ಬದಲು ‘ಫರ್ರುಖ್‌ಯಾಬ್ ಹಿಸಾರ್’ ಎಂದು ಪಾರಸಿ ಲಿಪಿಯಲ್ಲಿ ಇರುತ್ತದೆ. ಶ್ರೀರಂಗಪಟ್ಟಣದ ಪೈಸೆಗಳು ಸಿಗುವಷ್ಟು ಸುಲಭವಾಗಿ ದುರ್ಗದ್ದು ಸಿಗುವುದಿಲ್ಲ. ನಮ್ಮ ಊರಿನವರು ಆ ಹೆಸರು ಕಂಡೊಡನೆ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ ಎಂಬುದು ಮಾರುವವರಿಗೂ ಚೆನ್ನಾಗಿ ಗೊತ್ತು.

ಕೂಗು ಐನೂರು ರೂಪಾಯಿಯಿಂದ ಶುರುವಾಯಿತು, ಮುಕ್ತಾಯ ರಾತ್ರಿ ಹತ್ತು ಗಂಟೆಗೆಂದು ಗೊತ್ತುಮಾಡಿದ್ದರು. ಹರಾಜಿಗೆ ಮೊದಲೇ ನಾಣ್ಯದ ತೂಕವನ್ನೂ ಅಂಚಿನ ಚಿತ್ರವನ್ನೂ ಕೇಳಿದ್ದೆ. ತೂಕ ಹನ್ನೊಂದು ಗ್ರಾಂ ಎಂದು ಬರೆದು, ಚಿತ್ರವನ್ನೂ ಕಳುಹಿಸಿದ್ದರು. ಎರಡು ಸಾವಿರದವರೆಗೆ ನಾಲ್ಕೈದು ಜನ ಕೂಗಿದರು, ಆಮೇಲೆ ಉಳಿದವರು ನಾನು ಮತ್ತು ಇನ್ನಿಬ್ಬರು ಮಾತ್ರ. ನಾನು ಒಂದು ಮೊತ್ತ ಹಾಕಿದ ಕೆಲವೇ ಕ್ಷಣಗಳಲ್ಲಿ ಆ ಇಬ್ಬರಲ್ಲಿ ಒಬ್ಬರು ಇನ್ನೂರು ರೂಪಾಯಿ ಏರಿಸುತ್ತಿದ್ದರು. ಅವರಿಬ್ಬರೂ ಒಬ್ಬರ ಮೇಲೊಬ್ಬರು ಕೂಗಿದ್ದು ಒಮ್ಮೆಯೂ ಇಲ್ಲ. ನನ್ನ ಕೊನೆಯ ಕೂಗು 4,200 ರೂಪಾಯಿ; 4,400ಕ್ಕೆ ನಾಣ್ಯ ಆ ಇಬ್ಬರಲ್ಲಿ ಒಬ್ಬರ ಪಾಲಾಯಿತು.

ಮರುದಿನ ಮಾರಾಟಗಾರರಿಂದ ಖಾಸಗಿ ಸಂದೇಶ ಬಂತು: “ಸರ್, ಗೆದ್ದವರು ಕೈಕೊಟ್ಟರು. ನಿಮ್ಮ ಕೊನೇ ರೇಟಿಗೇ ಕೊಡ್ತೀನಿ, ಇವತ್ತೇ ದುಡ್ಡು ಹಾಕಿ, ಬೇರೆಯವರೂ ಕೇಳ್ತಿದಾರೆ.” ನಾಣ್ಯ ಅಸಲಿಯಲ್ಲದಿದ್ದರೆ ಹಣ ವಾಪಸ್ ಕೊಡುವುದಾಗಿ ಬರೆದುಕೊಡುವಂತೆ ಕೇಳಿದೆ, ಅವರು ಬರೆದುಕೊಟ್ಟರು. ಆ ಮಾತಿನ ಮೇಲೆ ಯುಪಿಐ ಮೂಲಕ ಹಣ ಕಳುಹಿಸಿದೆ.

ಸ್ಪೀಡ್ ಪೋಸ್ಟ್‌ನಲ್ಲಿ ಬಂದ ನಾಣ್ಯವನ್ನು ದೊಡ್ಡಪೇಟೆಯಲ್ಲಿ ಪರಿಚಯದ ಅಕ್ಕಸಾಲಿಯೊಬ್ಬರ ತಕ್ಕಡಿಯಲ್ಲಿಟ್ಟಾಗ ತೂಕ ಒಂಬತ್ತು ಗ್ರಾಂ ಕೂಡ ಮುಟ್ಟಲಿಲ್ಲ. ಟಿಪ್ಪುವಿನ ಒಂದು ಪೈಸೆ ಸುಮಾರು ಹನ್ನೊಂದು ಗ್ರಾಂ ಇರುತ್ತದೆ. ಇನ್ನೂರು ವರ್ಷ ಸವೆದ ನಾಣ್ಯವೆಂದು ಒಪ್ಪಿಕೊಂಡರೂ, ಆನೆಯ ಕಾಲು, ಸೊಂಡಿಲು ಅಷ್ಟು ಸ್ಪಷ್ಟವಾಗಿ ಉಳಿದಿರುವಾಗ ತೂಕ ಮಾತ್ರ ಇಷ್ಟು ಇಳಿಯುವುದಕ್ಕೆ ಸಾಧ್ಯವಿಲ್ಲ. ಅಕ್ಕಸಾಲಿ ಮಸೂರ ಹಿಡಿದು ಅಂಚನ್ನು ತೋರಿಸಿದರು. ಸುತ್ತಲೂ ಒಂದು ತೆಳು ಗೆರೆ, ಅದರ ಮೇಲೆ ಅರದಿಂದ ಉಜ್ಜಿದ ಗುರುತು, ಆನೆಯ ಹೊಟ್ಟೆಯ ಭಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳು. ಅಚ್ಚೊತ್ತಿ ಟಂಕಿಸಿದ ನಾಣ್ಯದಲ್ಲಿ ಇವು ಇರುವುದಿಲ್ಲ. ಕರಗಿಸಿದ ಲೋಹವನ್ನು ಎರಡು ಹೋಳಿನ ಎರಕದ ಅಚ್ಚಿಗೆ ಎರೆದಾಗ ಜೋಡಣೆಯ ಗೆರೆ ಉಳಿಯುತ್ತದೆ, ಗಾಳಿಗುಳ್ಳೆಗಳು ಗುಳಿಗಳಾಗುತ್ತವೆ. ಹರಾಜಿಗೆ ಹಾಕಿದ್ದ ಚಿತ್ರದಲ್ಲಿ ಆನೆಯ ಬಾಲದ ಬಳಿ ಅಂಚು ಸ್ವಲ್ಪ ಸೀಳಿತ್ತು, ಕೈಗೆ ಬಂದ ನಾಣ್ಯದಲ್ಲಿ ಆ ಸೀಳೇ ಇರಲಿಲ್ಲ. ಚಿತ್ರವನ್ನು ಗೂಗಲ್‌ನಲ್ಲಿ ಹುಡುಕಿದಾಗ, ಅದು ಬೇರೊಂದು ಹರಾಜಿನ ಹಳೆಯ ಪಟ್ಟಿಯಿಂದ ಎತ್ತಿದ ಚಿತ್ರವೆಂದು ತಿಳಿಯಿತು.

ಆ ಗುಂಪಿನ ಹಿಂದಿನ ಹರಾಜುಗಳನ್ನು ಕೂತು ಓದಿದಾಗ ಉಳಿದದ್ದೂ ಬಯಲಾಯಿತು. ನನ್ನೆದುರು ಕೂಗಿದ್ದ ಆ ಇಬ್ಬರು ಬೇರೆ ಯಾರ ನಾಣ್ಯಕ್ಕೂ ಕೂಗಿರಲಿಲ್ಲ, ಈ ಮಾರಾಟಗಾರರ ನಾಣ್ಯಗಳಿಗೆ ಮಾತ್ರ ಕೂಗುತ್ತಿದ್ದರು, ಗೆದ್ದಾಗಲೆಲ್ಲ ‘ಕೈಕೊಡುತ್ತಿದ್ದರು’. ಅಂದರೆ ಕೊಳ್ಳುವವನು ಎಷ್ಟರವರೆಗೆ ಏರಬಲ್ಲ ಎಂಬುದನ್ನು ಅವರ ಮೂಲಕ ತಿಳಿದುಕೊಂಡು, ಆ ಕೊನೆಯ ಬೆಲೆಗೇ ನಾಣ್ಯವನ್ನು ಅವನ ಕೈಗೆ ದಾಟಿಸುವುದು ಇಲ್ಲಿನ ಪದ್ಧತಿ. ಈ ಇಬ್ಬರು ಇಲ್ಲದಿದ್ದರೆ ಅದೇ ನಾಣ್ಯ ಸುಮಾರು ಎರಡು ಸಾವಿರಕ್ಕೆ ನಿಲ್ಲುತ್ತಿತ್ತು.

ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ, ತಾನೂ ಕೂಗುವ ಹಕ್ಕನ್ನು ಮೊದಲೇ ಪ್ರಕಟಿಸದ ಮಾರಾಟಗಾರ ತಾನೇ ಕೂಗುವಂತಿಲ್ಲ, ತನ್ನ ಪರವಾಗಿ ಇನ್ನೊಬ್ಬರಿಂದ ಕೂಗಿಸುವಂತೆಯೂ ಇಲ್ಲ. ಬೆಲೆ ಏರಿಸಲು ಸುಳ್ಳು ಕೂಗು ಹಾಕಿಸಿದ್ದರೆ ಆ ಮಾರಾಟವನ್ನು ರದ್ದುಮಾಡುವ ಆಯ್ಕೆ ಕೊಂಡವನದು. ಇದನ್ನು ತೋರಿಸಿದಾಗ ಮಾರಾಟಗಾರರು ಕೊಟ್ಟ ಉತ್ತರ ಜಾಣತನದ್ದಾಗಿತ್ತು: ಹರಾಜು ಮುಗಿದಿತ್ತು, ನಿಮಗೆ ಮಾರಿದ್ದು ಪ್ರತ್ಯೇಕ ವ್ಯವಹಾರ, ಆದ್ದರಿಂದ ಆ ಕಲಮು ಅನ್ವಯಿಸದು. ‘ಗೆದ್ದವರು ಕೈಕೊಟ್ಟರು’ ಎಂಬ ಸಂದೇಶ ಯಾವಾಗಲೂ ಖಾಸಗಿಯಾಗಿ ಏಕೆ ಬರುತ್ತದೆಂಬುದು ಆಗ ಅರ್ಥವಾಯಿತು. ಆದರೆ ಅದೇ ಕಾಯ್ದೆಯ 15ನೇ ಕಲಮು ಹರಾಜನ್ನು ನೆಚ್ಚಿಕೊಂಡಿಲ್ಲ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ತಕ್ಕಂತೆ ಇರಲೇಬೇಕೆಂದು ಅದು ಹೇಳುತ್ತದೆ. ನನ್ನ ದೂರು ಮುಖ್ಯವಾಗಿ ನಿಂತಿರುವುದು ಅದರ ಮೇಲೆ. ಗುಂಪಿನ ಅಡ್ಮಿನ್ ಮಾತ್ರ “ಇದು ನಿಮ್ಮಿಬ್ಬರ ವ್ಯವಹಾರ” ಎಂದು ಹೇಳಿ, ಸಂಜೆಯೊಳಗೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದರು.

ಕೊಳ್ಳುವವರೆಲ್ಲ ಸಾಚಾ, ಮಾರುವವರೆಲ್ಲ ಖದೀಮರು ಎಂದು ನಾನು ಹೇಳುತ್ತಿಲ್ಲ. ದಾವಣಗೆರೆಯಲ್ಲಿ ಹಳೆಯ ನಾಣ್ಯ, ಅಂಚೆಚೀಟಿಗಳನ್ನು ಪ್ರಾಮಾಣಿಕವಾಗಿ ಮಾರುವ ಹಿರಿಯರೊಬ್ಬರಿದ್ದಾರೆ. ಅವರ ಗೋಳು ಬೇರೆ. ರಾತ್ರಿ ಉತ್ಸಾಹದಲ್ಲಿ ಕೂಗಿ ಬೆಳಿಗ್ಗೆ ಫೋನ್ ಎತ್ತದವರು, ನಾಣ್ಯ ತರಿಸಿಕೊಂಡು ತಮ್ಮಲ್ಲಿದ್ದ ಸವೆದ ನಾಣ್ಯವನ್ನು ವಾಪಸ್ ಕಳುಹಿಸುವವರು ಅವರಿಗೆ ಸಾಕಷ್ಟು ಸಿಕ್ಕಿದ್ದಾರೆ. “ನೋಡ್ರಿ, ನಿಜವಾಗ್ಲೂ ಕೈಕೊಟ್ಟೋರು ಇದ್ದಾಗ ನಾನು ಗುಂಪಿನಲ್ಲೇ ಎಲ್ಲರ ಮುಂದೆ ಮತ್ತೆ ಹರಾಜಿಗೆ ಹಾಕ್ತೀನಿ, ಒಬ್ಬರಿಗೆ ಗುಟ್ಟಾಗಿ ಮೆಸೇಜ್ ಮಾಡಲ್ಲ” ಎಂದು ಅವರು ಹೇಳಿದರು. ಪ್ರಾಮಾಣಿಕ ಮಾರಾಟಗಾರರನ್ನೂ ಮೋಸಗಾರರನ್ನೂ ಬೇರ್ಪಡಿಸಿ ಗುರುತಿಸಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಕಂಡಿಲ್ಲ.

ಹಿಂದೆ ಇಬೇ ಇಂಡಿಯಾ ಇದ್ದಾಗ, ಪೈಸಾಪೇ ವ್ಯವಸ್ಥೆಯಲ್ಲಿ ಕೊಂಡವರ ಹಣ ಸರಕು ತಲುಪುವವರೆಗೆ ಮಧ್ಯದಲ್ಲಿ ನಿಲ್ಲುತ್ತಿತ್ತು. ಆ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಗುಂಪುಗಳ ಹರಾಜಿನಲ್ಲಿ ಹಣ ಹಿಡಿದಿಡುವವರು ಯಾರೂ ಇಲ್ಲ. ಹಾಕಿದ ಕೂಗನ್ನು ಅಳಿಸಲೂಬಹುದು. ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಕೊಳ್ಳುವವನು ರಾಶಿಗೆ ಕೈ ಹಾಕಿ, ನಾಲ್ಕು ಕಾಯಿ ಸುಲಿದು ನೋಡಿ ಬೆಲೆ ಕಟ್ಟುತ್ತಾನೆ. ನಮಗೆ ಇಲ್ಲಿ ಸಿಗುವುದು ಒಂದು ಚಿತ್ರ ಮಾತ್ರ, ಅದೂ ಯಾರದ್ದೋ.

‘ಕೋಟೆ ಹತ್ತಿರ ಹೊಲ ಉಳುವಾಗ ಸಿಕ್ಕಿತು’ ಎಂಬ ಕತೆಗಳಿಗಂತೂ ಕಿವಿಗೊಡಲೇಬೇಡಿ. ಕತೆ ನಿಜವಾದರೆ ಅದು ನಿಧಿಯ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಬೇಕಾದ ವಸ್ತು. ಸುಳ್ಳಾದರೆ ನಾಣ್ಯವನ್ನೂ ನಂಬಬೇಕಾಗಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚ್ಯವಸ್ತು ಎನಿಸಿಕೊಳ್ಳುತ್ತದೆ. ಅದರ ಮಾರಾಟವನ್ನು ವ್ಯಾಪಾರವಾಗಿ ನಡೆಸುವವರಿಗೆ ಪರವಾನಗಿ ಬೇಕು. ಪರವಾನಗಿಯ ಸಂಖ್ಯೆ ಕೇಳಿದರೆ ಮಾತು ಹೇಗೆ ತಿರುಗುತ್ತದೆ ಎಂಬುದನ್ನು ಗಮನಿಸಿ. ನಿಮ್ಮಲ್ಲಿರುವ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಶುಲ್ಕ ಕೇಳುವವರು ಮತ್ತೊಂದು ಗುಂಪು. ಅವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಹೊರಡಿಸಿದೆ.

ಹಣ ಹೋಗಿದೆಯೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿದುಹೋಗುತ್ತದೆ. ಮಾರುವುದನ್ನೇ ಕಸುಬಾಗಿಸಿಕೊಂಡವರ ವಿರುದ್ಧವಾದರೆ ಗ್ರಾಹಕರ ಸಹಾಯವಾಣಿ 1915 ಇದೆ; 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಿದವರು ಯಾವ ಊರಿನವರಾದರೂ, ನಾವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಗುಂಪಿನಿಂದ ತೆಗೆದುಹಾಕುವ ಮೊದಲೇ ಕೂಗುಗಳ ಸ್ಕ್ರೀನ್‌ಶಾಟ್‌ಗಳನ್ನು ಸಮಯ ಕಾಣುವಂತೆ ತೆಗೆದಿಟ್ಟುಕೊಳ್ಳಿ, ಅಂಚೆಯ ಲಕೋಟೆಯನ್ನು ಬಿಸಾಡಬೇಡಿ, ಅದನ್ನು ಒಡೆಯುವುದರಿಂದ ಹಿಡಿದು ತೂಕ ಮಾಡುವವರೆಗೆ ತಡೆಯಿಲ್ಲದೆ ವಿಡಿಯೊ ಮಾಡಿ. ‘ನಾಣ್ಯ ಮೊದಲು ಕಳಿಸಿ, ಆಮೇಲೆ ಹಣ’ ಎಂದು ಮಾರಿದವರು ಕೇಳಬಹುದು, ನನ್ನನ್ನೂ ಕೇಳಿದ್ದಾರೆ. ದೂರು ದಾಖಲಾಗಿ ಅದರ ಸಂಖ್ಯೆ ಕೈಗೆ ಬರುವವರೆಗೆ ಕಳುಹಿಸಬೇಡಿ. ನಕಲಿಯೇ ಆದರೂ, ನಿಮ್ಮ ಬಳಿ ಇರುವ ಮುಖ್ಯ ಸಾಕ್ಷ್ಯ ಅದು.